ನಿಂಟೆಂಡೊ ಮೊಬೈಲಿಗೆ ಇಳಿದದ್ದು ಲೋಭದಿಂದಲೇ? ಶಿರಸಿಯ ತೋಟದಿಂದ ಒಂದು ಉತ್ತರ

ಕಾರವಾರದಲ್ಲಿ ಓದುತ್ತಿರುವ ನೀವು ಕೇಳಿದ್ದು ಇಷ್ಟು. ಮೊಬೈಲ್ ಆಟ ಮಾಡುವುದೇ ಇಲ್ಲ ಎಂದು ವರ್ಷಗಟ್ಟಲೆ ಹಟ ಹಿಡಿದಿದ್ದ ಜಪಾನಿನ ವಿಡಿಯೋ ಗೇಮ್ ಕಂಪನಿ ನಿಂಟೆಂಡೊ ಆಮೇಲೆ ಮೊಬೈಲಿಗೂ ಸಿನಿಮಾಕ್ಕೂ ಮನರಂಜನಾ ಪಾರ್ಕಿಗೂ ಕೈ ಹಾಕಿದ್ದು ಲೋಭದಿಂದಲೇ? ಅದರಲ್ಲಿ ಗೆದ್ದಿತೇ? ಯಕ್ಷಗಾನದ ವೇಷಗಳನ್ನಿಟ್ಟು ಮೊಬೈಲ್ ಆಟ ಮಾಡಹೊರಟಿರುವ ನಿಮ್ಮ ಮೂವರು ಗೆಳೆಯರಿಗೆ ಅದರಿಂದ ಕಲಿಯುವುದೇನಾದರೂ ಇದೆಯೇ? ನಾನು ಬೆಂಗಳೂರಿನಲ್ಲಿ ಒಂಬತ್ತು ವರ್ಷ ಮೊಬೈಲ್ ಆಟಗಳ ಕೆಲಸ ಮಾಡಿ, ಈಗ ಶಿರಸಿಯ ಹತ್ತಿರದ ನಮ್ಮ ಅಡಿಕೆ ತೋಟ ನೋಡಿಕೊಂಡಿದ್ದೇನೆ. ನಿಮ್ಮ ಪ್ರಶ್ನೆ ಓದಿದ ಮೇಲೆ ಎರಡು ದಿನ ಅದೇ ತಲೆಯಲ್ಲಿತ್ತು, ಅದಕ್ಕೇ ಉದ್ದವಾಗಿ ಬರೆಯುತ್ತಿದ್ದೇನೆ.

ನಿಂಟೆಂಡೊದ ಹೆಸರಾಂತ ಪಾತ್ರ ಮಾರಿಯೋನನ್ನು ನಾನು ಮೊದಲು ಕಂಡದ್ದು 1998ರ ಮಾರಿಕಾಂಬಾ ಜಾತ್ರೆಯಲ್ಲಿ. ಆಟಿಕೆ ಅಂಗಡಿಯವನೊಬ್ಬ ಸಣ್ಣ ಟಿ.ವಿ.ಗೆ ವಿಡಿಯೋ ಗೇಮ್ ಜೋಡಿಸಿಟ್ಟಿದ್ದ. ಟೊಪ್ಪಿ ತೊಟ್ಟ, ದಪ್ಪ ಮೀಸೆಯ ಪುಟ್ಟ ಮನುಷ್ಯ ಜಿಗಿದು ಇಟ್ಟಿಗೆ ಗುದ್ದಿ ನಾಣ್ಯ ಹಾರಿಸುತ್ತಿದ್ದ. ಆಯಿ ಕೈ ಹಿಡಿದು ಎಳೆದರೂ ನಾನು ಅಲ್ಲಿಂದ ಕದಲಲಿಲ್ಲ. ಆ ಪೆಟ್ಟಿಗೆ ನಕಲಿ, ಅದಕ್ಕೆ ಹಾಕುವ ಹಳದಿ ಕ್ಯಾಸೆಟ್ಟೂ ನಕಲಿ. ಆಟ ಮಾಡಿದ ಕಂಪನಿಗೆ ನಮ್ಮಿಂದ ಒಂದು ಪೈಸೆಯೂ ಹೋಗಲಿಲ್ಲ. ನಮ್ಮ ಸೀಮೆಯಲ್ಲಿ ನಿಂಟೆಂಡೊ ಎಂಬ ಹೆಸರು ಯಾರಿಗೂ ಗೊತ್ತಿರಲಿಲ್ಲ, ಮಾರಿಯೋ ಮಾತ್ರ ಎಲ್ಲ ಹುಡುಗರಿಗೂ ಗೊತ್ತಿದ್ದ. ಯಂತ್ರ ತಲುಪದ ಊರಿಗೂ ಪಾತ್ರ ತಲುಪಿಬಿಟ್ಟಿತ್ತು. ಅಂಥ ಊರುಗಳಿಂದ ಆ ಪಾತ್ರ ಮಾಡಿದವರಿಗೆ ಅನ್ನ ಹುಟ್ಟುವುದು ಹೇಗೆ ಎಂಬುದೇ, ನನ್ನ ಪ್ರಕಾರ, ನಿಮ್ಮ ಪ್ರಶ್ನೆಯ ತಿರುಳು.

ಈ ಕಂಪನಿ ಹುಟ್ಟಿದ್ದು 1889ರಲ್ಲಿ, ಕ್ಯೋಟೊ ನಗರದಲ್ಲಿ. ಫುಸಾಜಿರೊ ಯಮೌಚಿ ಎಂಬವರು ಹೂವಿನ ಚಿತ್ರಗಳ 'ಹನಫುದ' ಎಲೆಗಳನ್ನು ತಯಾರಿಸಿ ಮಾರುತ್ತಿದ್ದರು. 1959ರಲ್ಲಿ ಕಂಪನಿ ಡಿಸ್ನಿಯಿಂದ ಪರವಾನಗಿ ಪಡೆದು ಅವರ ಪಾತ್ರಗಳನ್ನು ತನ್ನ ಇಸ್ಪೀಟು ಎಲೆಗಳ ಮೇಲೆ ಅಚ್ಚು ಹಾಕಿಸಿತು. ಜೂಜಿನ ಸರಕೆನಿಸಿಕೊಂಡಿದ್ದ ಎಲೆ ಮಕ್ಕಳ ಕೈಗೆ ಬಂದದ್ದು ಹಾಗೆ. ಮುಂದಿನ ದಶಕದಲ್ಲಿ ಟ್ಯಾಕ್ಸಿ ಓಡಿಸಿತು, ದಿಢೀರ್ ಅನ್ನ ಮಾರಿತು, ಎರಡೂ ಕೈ ಹಿಡಿಯಲಿಲ್ಲ. ಕಾರ್ಖಾನೆಯ ಯಂತ್ರ ನೋಡಿಕೊಳ್ಳುತ್ತಿದ್ದ ಗುನ್‌ಪೇ ಯೊಕೊಯಿ ಬಿಡುವಿನಲ್ಲಿ ಮಾಡಿಕೊಂಡಿದ್ದ, ಚಾಚಿ ಹಿಡಿಯುವ ಕೈಯ ಆಟಿಕೆ 1966ರಲ್ಲಿ ಮಾರುಕಟ್ಟೆಗೆ ಬಂದು ಹತ್ತು ಲಕ್ಷಕ್ಕೂ ಮಿಕ್ಕಿ ಮಾರಾಟವಾಯಿತು. 1981ರಲ್ಲಿ ಪೊಪಾಯ್ ಎಂಬ ಕಾರ್ಟೂನ್ ಪಾತ್ರದ ಹಕ್ಕು ಸಿಗದೆ ಹೋದಾಗ ಕಂಪನಿಯ ವಿನ್ಯಾಸಕ ಶಿಗೆರು ಮಿಯಾಮೊಟೊ ತಮ್ಮದೇ ಪಾತ್ರಗಳನ್ನು ಕಟ್ಟಿ 'ಡಾಂಕಿ ಕಾಂಗ್' ಮಾಡಿದರು. ಅದರಲ್ಲಿ ಜಿಗಿಯುವ ಬಡಗಿಯೇ ಮುಂದೆ ಮಾರಿಯೋ ಆದ. ಹಾಗಾಗಿ, ಆಟದ ಕಂಪನಿಗೆ ಬೇರೆ ಮನರಂಜನೆಯ ಉಸಾಬರಿ ಏಕೆ ಎಂದು ಯಾರಾದರೂ ಕೇಳಿದರೆ ನಾನು ಒಪ್ಪುವುದಿಲ್ಲ. ಅದು ಮೊದಲಿನಿಂದಲೂ ಒಂದು ಆಟದಿಂದ ಇನ್ನೊಂದಕ್ಕೆ ದಾಟುತ್ತಲೇ ಬದುಕಿದ ಮನೆ.

ಹಾಗಿದ್ದರೂ ಮೊಬೈಲಿಗೆ ಬರಲು ಅಷ್ಟು ತಡಮಾಡಿದ್ದಕ್ಕೆ ಕಾರಣವಿದೆ. ತನ್ನ ಯಂತ್ರದಲ್ಲಿ ಮಾತ್ರ ತನ್ನ ಆಟ ಎಂಬುದೇ ಅದರ ವ್ಯಾಪಾರದ ಬೇರು. ಮಾರಿಯೋ ಬೇಕಾದವನು ಯಂತ್ರ ಕೊಳ್ಳುತ್ತಾನೆ, ಯಂತ್ರ ಕೊಂಡವನು ಇನ್ನೂ ನಾಲ್ಕು ಆಟ ಕೊಳ್ಳುತ್ತಾನೆ. 2010ರ ನಂತರ ಈ ಬೇರಿಗೇ ಪೆಟ್ಟು ಬಿತ್ತು. ಕೈಯಲ್ಲಿ ಹಿಡಿದು ಆಡುವ 3ಡಿಎಸ್ ಯಂತ್ರದ ಬೆಲೆಯನ್ನು 2011ರಲ್ಲಿ, ಬಿಡುಗಡೆಯಾದ ಆರು ತಿಂಗಳೊಳಗೇ ಇಳಿಸಬೇಕಾಯಿತು. ಅಧ್ಯಕ್ಷ ಸತೋರು ಇವಾಟ ಅದರ ಹೊಣೆ ಹೊತ್ತು ತಮ್ಮ ಸಂಬಳವನ್ನು ಅರ್ಧಕ್ಕೆ ಇಳಿಸಿಕೊಂಡರು. ಆಮೇಲೆ ಬಂದ ವೀ ಯು ಯಂತ್ರದ ಗತಿ ಇನ್ನೂ ಕೆಟ್ಟದು. ಹಿಂದಿನ ವೀ ಯಂತ್ರದ ಮಾರಾಟ ಹತ್ತು ಕೋಟಿ ದಾಟಿದ್ದರೆ ಇದರದು 1 ಕೋಟಿ 35 ಲಕ್ಷದ ಆಸುಪಾಸಿನಲ್ಲಿ ನಿಂತುಹೋಯಿತು. ಮಕ್ಕಳ ಕೈಗೆ ಅಷ್ಟರಲ್ಲಿ ಸ್ಮಾರ್ಟ್‌ಫೋನ್ ಬಂದಿತ್ತು, ಆಟ ಪುಕ್ಕಟೆ ಸಿಗುತ್ತಿತ್ತು. ಯಂತ್ರ ಮಾಡುವುದನ್ನು ಬಿಟ್ಟು ಫೋನಿಗೇ ಆಟ ಮಾಡಿ ಎಂದು ಹೂಡಿಕೆದಾರರು, ಮಾರುಕಟ್ಟೆ ಪಂಡಿತರು ಬೊಬ್ಬೆ ಹಾಕಿದರು.

ಆ ಬೊಬ್ಬೆಯನ್ನು ನಾನು ಹುಡುಗನಾಗಿದ್ದಾಗಲೇ ಕೇಳಿದ್ದೆ, ವೆನಿಲ್ಲಾದ ವಿಷಯದಲ್ಲಿ. 2000ರಲ್ಲಿ ಮಡಗಾಸ್ಕರಿಗೆ ಚಂಡಮಾರುತ ಅಪ್ಪಳಿಸಿ ಅಲ್ಲಿನ ವೆನಿಲ್ಲಾ ಹಾಳಾಯಿತು, ಇಲ್ಲಿ ಬೆಲೆ ಆಕಾಶಕ್ಕೇರಿತು. ಅಡಿಕೆಯ ಕಾಲ ಮುಗಿಯಿತು ಎಂದು ನಮ್ಮ ಕೇರಿಯಲ್ಲೇ ಮಾತನಾಡಿಕೊಳ್ಳುತ್ತಿದ್ದರು. ದೊಡ್ಡಪ್ಪ ಅಡಿಕೆಯ ಗೊಬ್ಬರ, ಆಳು, ನೀರು ಎಲ್ಲವನ್ನೂ ವೆನಿಲ್ಲಾಕ್ಕೆ ತಿರುಗಿಸಿದರು. ಬೆಳಗ್ಗೆ ಅರಳಿದ ಒಂದೊಂದು ಹೂವಿಗೂ ಕೈಯಿಂದಲೇ ಪರಾಗಸ್ಪರ್ಶ ಮಾಡಬೇಕು, ಶಾಲೆಗೆ ಹೋಗುವ ಮುನ್ನ ನಾನೂ ಮಾಡಿದ್ದೇನೆ. ಅಪ್ಪಯ್ಯ ಮಾತ್ರ ಅಡಿಕೆಯ ಆರೈಕೆಯನ್ನು ಒಂದಿಷ್ಟೂ ಕಡಿಮೆ ಮಾಡದೆ, ತೋಟದ ಅಂಚಿನಲ್ಲಿ ಒಂದೇ ಸಾಲು ಬಳ್ಳಿ ಬೆಳೆಸಿದರು. 2004ರ ಸುಮಾರಿಗೆ ಬೆಲೆ ಕುಸಿದಾಗ ದೊಡ್ಡಪ್ಪನ ತೋಟ ಚೇತರಿಸಿಕೊಳ್ಳಲು ಹಲವು ವರ್ಷ ಬೇಕಾಯಿತು. ಇವಾಟರ ಬಗ್ಗೆ ಓದುವಾಗೆಲ್ಲ ನನಗೆ ಅಪ್ಪಯ್ಯನ ಆ ಒಂದು ಸಾಲು ನೆನಪಾಗುತ್ತದೆ.

2015ರ ಮಾರ್ಚ್ 17ರಂದು ಇವಾಟ ವೇದಿಕೆಗೆ ಬಂದು, ಡಿಎನ್‌ಎ ಎಂಬ ಜಪಾನಿನ ಮೊಬೈಲ್ ಕಂಪನಿಯ ಜೊತೆ ಸೇರಿ ಫೋನಿಗೆ ಆಟ ಮಾಡುವುದಾಗಿ ಪ್ರಕಟಿಸಿದರು. ಎರಡೂ ಕಂಪನಿಗಳು ಒಂದರ ಷೇರನ್ನು ಇನ್ನೊಂದು ಕೊಂಡವು. ಅದೇ ವೇದಿಕೆಯಲ್ಲಿ ಅವರು ಎನ್‌ಎಕ್ಸ್ ಎಂಬ ಗುಪ್ತನಾಮದ ಹೊಸ ಯಂತ್ರ ತಯಾರಾಗುತ್ತಿದೆ ಎಂದೂ ಹೇಳಿದರು. ಯಂತ್ರ ಬಿಡುತ್ತಿಲ್ಲ, ಫೋನಿನಲ್ಲಿ ಪಾತ್ರವನ್ನು ಕಂಡವರನ್ನು ಯಂತ್ರದ ಕಡೆಗೆ ಕರೆತರುತ್ತೇವೆ ಎಂಬುದು ಅದರ ಅರ್ಥ. ನಮ್ಮ ತೋಟದ ಲೆಕ್ಕದಲ್ಲಿ ಅದು ಅಡಿಕೆ ಮರಕ್ಕೆ ಕಾಳುಮೆಣಸಿನ ಬಳ್ಳಿ ಹಬ್ಬಿಸಿದಂತೆ. ಬಳ್ಳಿಯೂ ಫಲ ಕೊಡುತ್ತದೆ, ಆದರೆ ನಾವು ಬುಡಕ್ಕೆ ಮಣ್ಣು ಕೊಡುವುದು ಮರಕ್ಕೆ. ಆ ವರ್ಷದ ಜುಲೈಯಲ್ಲಿ ಇವಾಟ ತೀರಿಕೊಂಡರು, 55 ವರ್ಷವಾಗಿತ್ತು. ತಾವು ಘೋಷಿಸಿದ ಮೊಬೈಲ್ ಆಟವನ್ನಾಗಲಿ, ಸ್ವಿಚ್ ಎಂಬ ಹೆಸರಿನಲ್ಲಿ ಬಂದ ಆ ಯಂತ್ರವನ್ನಾಗಲಿ ಅವರು ಬಿಡುಗಡೆಯಾಗಿ ಕಾಣಲಿಲ್ಲ. ಇದನ್ನು ಬರೆಯುವಾಗ ಈಗಲೂ ನನಗೆ ಬೇಸರವಾಗುತ್ತದೆ.

ಮೊಬೈಲ್ ಆಟಗಳು ಗೆದ್ದವೇ? ಜನ ತಲುಪಿದ್ದರಲ್ಲಿ ಗೆದ್ದವು, ಹಣದಲ್ಲಿ ಅಷ್ಟಿಲ್ಲ. 2016ರ ಮಾರ್ಚ್‌ನಲ್ಲಿ ಬಂದ 'ಮಿಟೊಮೊ' ಎರಡೇ ವರ್ಷದಲ್ಲಿ ಮುಚ್ಚಿತು. ಅದೇ ಡಿಸೆಂಬರ್ 15ರಂದು ಐಫೋನಿಗೆ ಬಂದ 'ಸೂಪರ್ ಮಾರಿಯೋ ರನ್' ನಾಲ್ಕು ದಿನಗಳಲ್ಲಿ ನಾಲ್ಕು ಕೋಟಿ ಸಲ ಡೌನ್‌ಲೋಡ್ ಆಯಿತು. ಮೊದಲ ಕೆಲವು ಹಂತ ಪುಕ್ಕಟೆ, ಆಮೇಲೆ ಒಂದೇ ಸಲ ಸುಮಾರು ಹತ್ತು ಡಾಲರ್ ಕೊಟ್ಟರೆ ಇಡೀ ಆಟ ನಿಮ್ಮದು. ನನ್ನ ದೃಷ್ಟಿಯಲ್ಲಿ ಇಷ್ಟು ನೇರವಾದ ವ್ಯಾಪಾರ ಇನ್ನೊಂದಿಲ್ಲ. ಆದರೆ ಪುಕ್ಕಟೆ ಆಡಿದವರಲ್ಲಿ ಹೆಚ್ಚಿನವರು ಹಣ ಕೊಡಲಿಲ್ಲ, ಲಾಭ ನಿರೀಕ್ಷೆ ಮುಟ್ಟಲಿಲ್ಲ ಎಂದು ಕಂಪನಿಯೇ ಮುಂದೆ ಹೇಳಿತು.

ಆ ಆಟಕ್ಕೆ ಇನ್ನೊಂದು ಕೊರತೆ ಇತ್ತು, ಅದನ್ನು ಕಂಡುಕೊಂಡದ್ದು ನಮ್ಮ ಅಂಗಳದಲ್ಲಿ. ಕೊನೆ ಕೊಯ್ಲಿಗೆಂದು ರಜೆ ಹಾಕಿ ಊರಿಗೆ ಬಂದಿದ್ದೆ. ರಾತ್ರಿ ಎಲ್ಲರೂ ಅಡಿಕೆ ಸುಲಿಯುತ್ತ ಕುಳಿತಿದ್ದಾಗ ಎಂಟು ವರ್ಷದ ಅಣ್ಣನ ಮಗಳಿಗೆ ಮಾರಿಯೋನನ್ನು ತೋರಿಸಹೋದೆ. ಆಟ ತೆರೆಯಲೇ ಇಲ್ಲ. ಇಂಟರ್ನೆಟ್ ಸಂಪರ್ಕ ಸದಾ ಇದ್ದರೆ ಮಾತ್ರ ಅದು ನಡೆಯುತ್ತಿತ್ತು, ನಮ್ಮ ಮನೆಯಲ್ಲಿ ನೆಟ್‌ವರ್ಕ್ ಇರಲಿಲ್ಲ. ಮರುದಿನ ಬೆಳಗ್ಗೆ ಇಬ್ಬರೂ ಮನೆಯ ಹಿಂದಿನ ಬೆಟ್ಟ ಹತ್ತಿ, ಬಂಡೆಯ ಮೇಲೆ ಕುಳಿತು ಆಡಿದೆವು. ಅವಳಿಗೆ ಆಟ ತುಂಬ ಹಿಡಿಸಿತು. ಇಳಿಯುವಾಗ, ಮನೆಯಲ್ಲಿ ಏಕೆ ಬರುವುದಿಲ್ಲ ಎಂದು ಕೇಳಿದಳು. ಆಟ ಮಾಡುವುದೇ ಕೆಲಸವಾಗಿದ್ದ ನನ್ನಲ್ಲಿ ಅದಕ್ಕೆ ಒಳ್ಳೆಯ ಉತ್ತರ ಇರಲಿಲ್ಲ.

ನಿಂಟೆಂಡೊ ಎಡವಿದ್ದು ಆಮೇಲೆ, 'ಗಾಚಾ' ಪದ್ಧತಿಗೆ ಒಲಿದಾಗ. ಜಪಾನಿನ ಅಂಗಡಿಗಳಲ್ಲಿ ನಾಣ್ಯ ಹಾಕಿ ಹಿಡಿ ತಿರುಗಿಸಿದರೆ ಯಾವುದೋ ಒಂದು ಆಟಿಕೆ ಉದುರುವ ಯಂತ್ರಗಳಿವೆ, ಹೆಸರು ಅಲ್ಲಿಂದ ಬಂದದ್ದು. ಫೋನಿನಲ್ಲಿ ಹಣ ಕೊಟ್ಟು ಪೆಟ್ಟಿಗೆ ತೆರೆಯುತ್ತೀರಿ, ಒಳಗೆ ಬೇಕಾದದ್ದು ಸಿಗಬಹುದು, ಸಿಗದೆಯೂ ಹೋಗಬಹುದು. 2017ರ 'ಫೈರ್ ಎಂಬ್ಲಮ್ ಹೀರೋಸ್' ಹೀಗೆಯೇ ನಡೆಯುತ್ತದೆ, ಅವರ ಮೊಬೈಲ್ ಆಟಗಳಲ್ಲಿ ಅತಿ ಹೆಚ್ಚು ಗಳಿಸಿದ್ದೂ ಅದೇ. ಬೆಲ್ಜಿಯಂ ಇಂಥ ಪೆಟ್ಟಿಗೆಗಳನ್ನು ಜೂಜು ಎಂದು ಪರಿಗಣಿಸಿದ ಮೇಲೆ 2019ರಲ್ಲಿ ಅದನ್ನೂ ಇನ್ನೊಂದು ಆಟವನ್ನೂ ಆ ದೇಶದಲ್ಲಿ ನಿಲ್ಲಿಸಬೇಕಾಯಿತು. ಅದೇ ವರ್ಷ ಬಂದ 'ಮಾರಿಯೋ ಕಾರ್ಟ್ ಟೂರ್'ನಲ್ಲೂ ಗಾಚಾ ಇತ್ತು, 2022ರಲ್ಲಿ ತೆಗೆದುಹಾಕಿದರು.

ಈ ವಿಷಯದಲ್ಲಿ ನಾನು ತಣ್ಣಗೆ ಬರೆಯಲಾರೆ. ನಾನಿದ್ದ ಕಂಪನಿಯಲ್ಲಿ ಕೊನೆಯ ಎರಡು ವರ್ಷ ನನ್ನ ಕೆಲಸ ಇದೇ ಆಗಿತ್ತು: ಪೆಟ್ಟಿಗೆ ತೆರೆಯಲು ಎಷ್ಟು ಗಂಟೆ ಕಾಯಿಸಬೇಕು, ಎಷ್ಟನೆಯ ಸೋಲಿನ ನಂತರ ಖರೀದಿಯ ಗುಂಡಿ ತೋರಿಸಬೇಕು ಎಂದು ಅಳೆಯುವುದು. ಮಗ ತಿಂಗಳ ಮನೆಖರ್ಚಿನ ಹಣವನ್ನೆಲ್ಲ ನಿಮ್ಮ ಪೆಟ್ಟಿಗೆಗಳಿಗೆ ಸುರಿದಿದ್ದಾನೆ ಎಂದು ತಾಯಿಯೊಬ್ಬರು ಬರೆದ ಪತ್ರ ಒಂದು ದಿನ ನನ್ನ ಮೇಜಿಗೆ ಬಂತು. ಹಣ ಹಿಂದಿರುಗಿಸಿ ಎಂದು ನಾನು ಕೇಳಿದೆ, ಮೇಲಿನವರು ಒಪ್ಪಲಿಲ್ಲ. ನಾನು ಊರಿಗೆ ಮರಳಿದ ಕಾರಣಗಳಲ್ಲಿ ಆ ಪತ್ರವೂ ಒಂದು. ಆದ್ದರಿಂದಲೇ ನಿಂಟೆಂಡೊದ 'ಅನಿಮಲ್ ಕ್ರಾಸಿಂಗ್: ಪಾಕೆಟ್ ಕ್ಯಾಂಪ್' ಮುಚ್ಚಿದ ರೀತಿ ನನಗೆ ದೊಡ್ಡದಾಗಿ ಕಾಣುತ್ತದೆ. 2024ರ ನವೆಂಬರಿನಲ್ಲಿ ಅದರ ಆನ್‌ಲೈನ್ ಸೇವೆ ನಿಂತಿತು. ಬೆನ್ನಿಗೇ, ಒಂದು ಸಲ ಹಣ ಕೊಟ್ಟರೆ ಮತ್ತೇನೂ ಕೇಳದ ಪೂರ್ಣ ಆವೃತ್ತಿ ಬಂತು. ಏಳು ವರ್ಷ ಆಡಿದವರು ಆಟದೊಳಗೆ ಕಟ್ಟಿಕೊಂಡ ಬೀಡು ಅಳಿಸಿಹೋಗಲಿಲ್ಲ.

'ಪೊಕೆಮಾನ್ ಗೋ' ಕುರಿತು ಚಿಕ್ಕದಾಗಿ ಹೇಳುತ್ತೇನೆ, ಏಕೆಂದರೆ ಅದು ನಿಂಟೆಂಡೊ ಮಾಡಿದ ಆಟವೇ ಅಲ್ಲ. 2016ರ ಜುಲೈಯಲ್ಲಿ ಅದು ಬಂದಾಗ ನಿಂಟೆಂಡೊ ಷೇರು ದುಪ್ಪಟ್ಟಾಯಿತು. ಆಟ ಅಮೆರಿಕದ ನಯಾಂಟಿಕ್ ಕಂಪನಿಯದು, ನಮಗೆ ಬರುವ ಪಾಲು ಸಣ್ಣದು ಎಂದು ಕಂಪನಿ ತಿಳಿಸಿದ ಮೇಲೆ ಒಂದೇ ದಿನ ಶೇ. 18ರಷ್ಟು ಬಿತ್ತು. ಭಾರತಕ್ಕೆ ಅದು ಡಿಸೆಂಬರಿನಲ್ಲಿ ಜಿಯೋ ಜೊತೆಗೂಡಿ ಬಂತು.

ಸಿನಿಮಾ ಮತ್ತು ಪಾರ್ಕುಗಳಲ್ಲಿ ಕಂಪನಿ ಪೂರ್ಣವಾಗಿ ಗೆದ್ದಿತು. 1993ರ ಮಾರಿಯೋ ಚಿತ್ರ ಸೋತು ಎಷ್ಟು ಕೈ ಸುಟ್ಟಿತ್ತೆಂದರೆ, ಇನ್ನೊಂದು ಮಾರಿಯೋ ಚಿತ್ರ ತೆರೆಗೆ ಬರಲು 30 ವರ್ಷ ಹಿಡಿಯಿತು. 2023ರ ಅನಿಮೇಷನ್ ಚಿತ್ರಕ್ಕೆ ಮಿಯಾಮೊಟೊ ತಾವೇ ನಿರ್ಮಾಪಕರಲ್ಲಿ ಒಬ್ಬರಾಗಿ ನಿಂತರು, ಅದು 130 ಕೋಟಿ ಡಾಲರಿಗೂ ಹೆಚ್ಚು ಗಳಿಸಿತು. ಅದಕ್ಕೆ ಮೊದಲೇ, 2021ರಲ್ಲಿ, ಒಸಾಕಾದ ಯೂನಿವರ್ಸಲ್ ಸ್ಟುಡಿಯೋಸ್‌ನಲ್ಲಿ ಸೂಪರ್ ನಿಂಟೆಂಡೊ ವರ್ಲ್ಡ್ ತೆರೆದಿತ್ತು. ಇಷ್ಟಾದರೂ ಲೆಕ್ಕ ನೋಡಿ. ಚಿತ್ರ ತೆರೆಕಂಡ ಆರ್ಥಿಕ ವರ್ಷದಲ್ಲಿ, ಅಂದರೆ 2024ರ ಮಾರ್ಚ್‌ಗೆ ಮುಗಿದ ವರ್ಷದಲ್ಲಿ, ಕಂಪನಿಯ ಒಟ್ಟು ವಹಿವಾಟು ಸುಮಾರು 1 ಲಕ್ಷ 67 ಸಾವಿರ ಕೋಟಿ ಯೆನ್. ಅದರಲ್ಲಿ ಮೊಬೈಲ್ ಆಟ, ಸಿನಿಮಾ ಮುಂತಾದ ಪಾತ್ರಗಳ ಹಕ್ಕು ಎಲ್ಲ ಸೇರಿ ಬಂದದ್ದು ಒಂಬತ್ತು ಸಾವಿರ ಕೋಟಿ ಯೆನ್‌ಗೆ ತುಸು ಮೇಲೆ. ನೂರಕ್ಕೆ ಆರೂ ಇಲ್ಲ. ಉಳಿದದ್ದು ಬಹುತೇಕ 15 ಕೋಟಿಗೂ ಹೆಚ್ಚು ಮಾರಾಟವಾದ ಸ್ವಿಚ್ ಮತ್ತು ಅದರ ಆಟಗಳ ಫಲ. ಬಳ್ಳಿ ಚೆನ್ನಾಗಿ ಕಾಯಿ ಬಿಟ್ಟ ವರ್ಷವೂ ಮನೆ ನಡೆದದ್ದು ಅಡಿಕೆಯಿಂದಲೇ.

ಈಗ ನಿಮ್ಮ ಮೂವರ ವಿಷಯ. ನಿಮ್ಮ ಬಳಿ ಯಂತ್ರವಿಲ್ಲ, ನಿಮಗೆ ಫೋನೊಂದೇ ಬಾಗಿಲು, ಆದ್ದರಿಂದ ಮೊಬೈಲಿನಿಂದ ಶುರುಮಾಡುವುದು ತಪ್ಪಲ್ಲ. ಆದರೆ ನಿಮ್ಮ ಮರ ಯಾವುದು ಎಂಬುದನ್ನು ಮೊದಲು ಗಟ್ಟಿಮಾಡಿಕೊಳ್ಳಿ. ಅದು ಆ ವೇಷ. ಮಾರಿಯೋಗೆ ಮೀಸೆ, ಟೊಪ್ಪಿ ಬಂದದ್ದು ಏಕೆ ಗೊತ್ತೇ? 1981ರ ತೆರೆಯಲ್ಲಿ ಅವನಿಗೆ ಸಿಕ್ಕಿದ್ದು ಕೆಲವೇ ಚುಕ್ಕಿಗಳು. ಬಾಯಿ ಬಿಡಿಸಲಾಗದೆ ಮೀಸೆ ಇಟ್ಟರು, ಕೂದಲು ಬಿಡಿಸಲಾಗದೆ ಟೊಪ್ಪಿ ತೊಡಿಸಿದರು. ನಮ್ಮ ಬಡಗುತಿಟ್ಟಿನ, ಅಂದರೆ ಉತ್ತರದ ಶೈಲಿಯ ಯಕ್ಷಗಾನದ, ಹಿರಿಯರೂ ಇಂಥದೇ ಕಷ್ಟಕ್ಕೆ ದಾರಿ ಕಂಡುಕೊಂಡವರು. ದೊಂದಿಯ ಬೆಳಕಿನಲ್ಲಿ, ಗದ್ದೆಯ ಆ ತುದಿಯಲ್ಲಿ ಕುಳಿತವನಿಗೂ ಬಂದದ್ದು ಯಾರೆಂದು ತಿಳಿಯಬೇಕಿತ್ತು. ಕೇದಗೆ ಮುಂದಲೆ ಎಂಬ ತಲೆಯ ವೇಷ ಕಂಡ ಕೂಡಲೇ ಇದು ಎಳೆಯ ವೀರ, ಅಭಿಮನ್ಯುವೋ ಬಭ್ರುವಾಹನನೋ ಇರಬೇಕು ಎಂದು ನಮ್ಮ ಆಯಿ ಹೇಳುತ್ತಾರೆ. ಅಂಗೈ ಅಗಲದ ತೆರೆಗೆ ಇದಕ್ಕಿಂತ ಒಳ್ಳೆಯ ಆಕಾರ ನಿಮಗೆಲ್ಲಿ ಸಿಗುತ್ತದೆ? ಅದನ್ನು ಸಿನಿಮಾ ನಾಯಕನ ಮೈಕಟ್ಟಿಗೆ ತಿದ್ದಬೇಡಿ. ಕುಣಿತದ ಹೆಜ್ಜೆಯೇ ಆಟದ ಹೆಜ್ಜೆಯಾಗಲಿ, ಚಂಡೆಯ ಬಡಿತಕ್ಕೆ ಸರಿಯಾಗಿ ಬೆರಳು ಒತ್ತುವಂತಾಗಲಿ. ಮೇಳದ ಭಾಗವತರ ಹಾಡು ಬಳಸುವುದಾದರೆ ಅನುಮತಿ ಕೇಳಿ, ಸಂಭಾವನೆ ಕೊಟ್ಟು ಧ್ವನಿಮುದ್ರಿಸಿ. ಗಾಚಾ ಇಡಬೇಡಿ, ಸಣ್ಣದೊಂದು ಬೆಲೆ ಇಟ್ಟು ನೇರವಾಗಿ ಮಾರಿ. ಕಡಿಮೆ ಜನ ಕೊಂಡಾರು, ನನಗೆ ಗೊತ್ತು, ಆದರೂ ಹಾಗೇ ಮಾಡಿ.

ಮೊದಲ ಹಂತ ಆಡುವಂತಾದಾಗ ಕಳಿಸಿ. ಫೆಬ್ರವರಿಯ ಹೊತ್ತಿಗೆ ನಮ್ಮ ಕೊಯ್ಲಿನ ಕೆಲಸ ಮುಗಿದಿರುತ್ತದೆ. ಅಣ್ಣನ ಮಗಳು ಈಗ ಪಿಯುಸಿ ಓದುತ್ತಿದ್ದಾಳೆ, ಮೊದಲು ಅವಳ ಕೈಗೇ ಕೊಡುತ್ತೇನೆ. ನೆಟ್‌ವರ್ಕ್ ಇಲ್ಲದೆಯೂ ನಡೆಯುವಂತೆ ಮಾಡಿ, ಅಂಗಳದಲ್ಲೇ ಕುಳಿತು ಆಡುತ್ತೇವೆ.