ಧ್ರುವತಾರೆ ಬೇಡ, ಕುರ್ಚಿ ಇರಲಿ

ಆತ್ಮೀಯರೇ,

ಅಮೆರಿಕದ ಟಿ.ವಿ. ಕುಸ್ತಿಯ ಪಟು ಎಡ್ಡಿ ಗೆರೆರೊ ಅವರ ಬಗ್ಗೆ ಉಡುಪಿಯಿಂದ ನೀವು ಕಳುಹಿಸಿದ ನುಡಿನಮನವನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ಪ್ರಕಟಿಸಲಾರೆ. ತಿದ್ದಿ ಕಳುಹಿಸಿ ಎನ್ನುತ್ತಿದ್ದೇನೆ; ಈ ಮಾತನ್ನು ನಾನು ಎಲ್ಲರಿಗೂ ಹೇಳುವುದಿಲ್ಲ.

ಮೊದಲ ಸಾಲಿನಲ್ಲೇ ‘ಕುಸ್ತಿಲೋಕದ ಧ್ರುವತಾರೆ ಕಳಚಿ ಬಿತ್ತು’ ಎಂದಿದ್ದೀರಿ. ಧ್ರುವತಾರೆ ಕಳಚಿ ಬೀಳುವುದಿಲ್ಲ. ಕದಲದೆ ಇರುವುದಕ್ಕೇ ಅದಕ್ಕೆ ಆ ಹೆಸರು. ಅವರು ತೀರಿಕೊಂಡದ್ದು 2005ರ ನವೆಂಬರ್ 13ರಂದು. ಇಷ್ಟು ವರ್ಷಗಳ ಮೇಲೂ ‘ತುಂಬಲಾರದ ನಷ್ಟ’ ಎಂದರೆ ಅದು ಶ್ರದ್ಧಾಂಜಲಿ ಫ್ಲೆಕ್ಸಿನ ಭಾಷೆ. ಒಂದೂವರೆ ಪುಟದ ಬೆಲ್ಟುಗಳ ಪಟ್ಟಿಯೂ ಬೇಡ. ಎಡ್ಡಿ ಚಾಂಪಿಯನ್ ಆದ ಆ ಒಂದು ರಾತ್ರಿ ಸಾಕು: 2004ರ ಫೆಬ್ರುವರಿ 15, ಕ್ಯಾಲಿಫೋರ್ನಿಯಾದ ಕೌ ಪ್ಯಾಲೆಸ್ ಕ್ರೀಡಾಂಗಣ, ಎದುರಿಗೆ ಬ್ರಾಕ್ ಲೆಸ್ನರ್ ಎಂಬ ಗೋಡೆ.

ನಿಮ್ಮ ಲೇಖನ ಶುರುವಾಗುವುದು ನಾಲ್ಕನೆಯ ಪುಟದಲ್ಲಿ. ಮಲ್ಪೆಯ ಪಕ್ಕದ ಮನೆಯ ಟಿ.ವಿ. ಮುಂದೆ ಹತ್ತು ಹುಡುಗರು. ರೆಫರಿ ಅತ್ತ ತಿರುಗಿದ ಗಳಿಗೆಯಲ್ಲಿ ಎಡ್ಡಿ ಕಬ್ಬಿಣದ ಕುರ್ಚಿಯನ್ನು ನೆಲಕ್ಕೆ ಬಡಿದು, ಎದುರಾಳಿಯ ಕೈಗೆ ಎಸೆದು, ಹೊಡೆತ ತಿಂದವರಂತೆ ಅಂಗಾತ ಬೀಳುತ್ತಾರೆ. ಸದ್ದಿಗೆ ತಿರುಗಿದ ರೆಫರಿಗೆ ಕಾಣುವುದು ಕುರ್ಚಿ ಹಿಡಿದು ಪೆಚ್ಚಾಗಿ ನಿಂತ ಆಸಾಮಿ. ಮರುದಿನ ತರಗತಿಯಲ್ಲಿ ನೀವು ಡೆಸ್ಕಿಗೆ ಸ್ಕೇಲು ಬಡಿದು ಗೆಳೆಯನ ಕೈಗೆ ತುರುಕಿದ್ದು, ಮಾಸ್ತರರು ಅದೇ ಸ್ಕೇಲಿನಲ್ಲಿ ಇಬ್ಬರಿಗೂ ಬಾರಿಸಿದ್ದು ಓದಿ ಕಚೇರಿಯಲ್ಲಿ ಒಬ್ಬನೇ ನಕ್ಕೆ. ಇಲ್ಲಿಂದಲೇ ಆರಂಭಿಸಿ.

‘ಇದೆಲ್ಲ ನಾಟಕವೆಂದು ಗೊತ್ತಿದ್ದರೂ’ ಎಂದು ಐದು ಕಡೆ ಕ್ಷಮೆ ಕೇಳಿದ್ದೀರಿ. ಯಾರ ಬಳಿ? ಕೀಚಕ ಸಾಯುತ್ತಾನೆಂದು ತಿಳಿದೇ ರಾತ್ರಿಯಿಡೀ ಯಕ್ಷಗಾನದ ಬಯಲಿನಲ್ಲಿ ಕುಳಿತ ಊರಿನವರು ನಾವು. ಕಥೆ ಮೊದಲೇ ನಿಗದಿ, ನಿಜ. ಆದರೆ ದಿಗಿಣ ತಪ್ಪಿದರೆ ಉಳುಕುವ ಕಾಲು ವೇಷದ್ದಲ್ಲ.

ಆ ಕಾಲಿನ ಕಥೆಯನ್ನೇ ನೀವು ನುಂಗಿಬಿಟ್ಟಿದ್ದೀರಿ. ‘ಕೆಲವು ವೈಯಕ್ತಿಕ ತೊಂದರೆಗಳ ಬಳಿಕ’, ಅಷ್ಟೇ! ನೋವಿನ ಮಾತ್ರೆಯ ಚಟ, 2001ರಲ್ಲಿ ಅದಕ್ಕೆ ಚಿಕಿತ್ಸೆ, ಅದೇ ವರ್ಷ ಕುಡಿದು ವಾಹನ ಓಡಿಸಿ ಬಂಧನ, ಹೋದ ಕೆಲಸ, ಸಣ್ಣಪುಟ್ಟ ಕಣಗಳಲ್ಲಿ ಆಡಿ 2002ರಲ್ಲಿ ಮರಳಿದ್ದು. ಇವಿಲ್ಲದೆ ಕೌ ಪ್ಯಾಲೆಸಿನ ಗೆಲುವಿಗೆ ತೂಕವೇ ಬರುವುದಿಲ್ಲ. ಚಟ ಬಿಟ್ಟು ನೆಟ್ಟಗಾದ ಮೇಲೆ, ಮಿನಿಯಾಪೊಲಿಸ್‌ನ ಹೋಟೆಲ್ ಕೋಣೆಯಲ್ಲಿ, 38ನೆಯ ವಯಸ್ಸಿನಲ್ಲಿ ಹೃದಯ ಕೈಕೊಟ್ಟಿತು. ಆ ಸಾವಿನ ಬಳಿಕ, 2006ರ ಫೆಬ್ರುವರಿಯಲ್ಲಿ, ಅವರು ಆಡುತ್ತಿದ್ದ ಕುಸ್ತಿ ಸಂಸ್ಥೆ ಡಬ್ಲ್ಯುಡಬ್ಲ್ಯುಇ ತನ್ನ ಕುಸ್ತಿಪಟುಗಳಿಗೆ ಆರೋಗ್ಯ ಮತ್ತು ಮಾದಕವಸ್ತು ತಪಾಸಣೆಯ ನಿಯಮ ತಂದಿತು. ಇದನ್ನು ಬರೆದರೆ ಸತ್ತವರಿಗೆ ಅವಮಾನವೆಂದು ನಿಮಗೆ ಅನ್ನಿಸಿರಬಹುದು. ನನಗೆ ಅನ್ನಿಸುವುದಿಲ್ಲ.

ಹಗ್ಗದ ಮೇಲಿಂದ ಎದುರಾಳಿಯ ಮೈಮೇಲೆ ಹಾರುವ ಎಡ್ಡಿಯವರ ಪಟ್ಟಿಗೆ ನೀವು ಕೊಟ್ಟ ‘ಮಂಡೂಕ ಪ್ರಪಾತ’ವನ್ನು ದಯವಿಟ್ಟು ತೆಗೆಯಿರಿ. ಫ್ರಾಗ್ ಸ್ಪ್ಲಾಶ್ ಎಂದೇ ಇರಲಿ, ಮಲ್ಪೆಯ ಹುಡುಗರಿಗೂ ಅದು ಹಾಗೆಯೇ ಗೊತ್ತಿತ್ತು. ಅದು ಬಂದ ದಾರಿಯನ್ನು ಮಾತ್ರ ಬರೆಯಿರಿ: 1994ರಲ್ಲಿ ತೀರಿಕೊಂಡ ಜೊತೆಗಾರ ಆರ್ಟ್ ಬಾರ್ ಅವರ ಪಟ್ಟು ಅದು. ಗೆಳೆಯ ಹೋದ ಮೇಲೆ ಅವರ ನೆನಪಿಗೆಂದು ಎಡ್ಡಿ ಮೇಲಿನ ಹಗ್ಗವೇರಿ ಅದನ್ನೇ ಹಾರುತ್ತ ಬಂದರು. ನುಡಿನಮನ ಹೇಗಿರಬೇಕೆಂದು ಪತ್ರದಲ್ಲಿ ಕೇಳಿದ್ದಿರಲ್ಲ.

ಸಾವಿರ ಪದ ಮೀರದಿರಲಿ. ಮಾಸ್ತರರ ಹೆಸರು ಹಾಕಬೇಡಿ, ಸ್ಕೇಲು ಇರಲಿ.

ಇತಿ,
ಸಂಪಾದಕ, ಮಂಗಳೂರು