ಕಾನೂನು ಸಲಹೆ: ಸೈಕಲ್‌ಗೆ ಕಾರು ಗುದ್ದಿದೆ, ಪರಿಹಾರ ಸಿಗುವುದೇ?

ಪ್ರಶ್ನೆ: ನನಗೆ 38 ವರ್ಷ, ಬಡಗಿ ಕೆಲಸ ಮಾಡುತ್ತೇನೆ. ನಾಲ್ಕು ತಿಂಗಳ ಹಿಂದೆ ಸೈಕಲ್‌ನಲ್ಲಿ ಮನೆಗೆ ಬರುತ್ತಿದ್ದಾಗ, ಹಿಂದಿನಿಂದ ಬಂದ ಕಾರೊಂದು ನನ್ನನ್ನು ದಾಟಿದ ಕೂಡಲೇ ಎಡಕ್ಕೆ ತಿರುಗಿ ನನಗೆ ಗುದ್ದಿತು. ಬಲ ಮಣಿಕಟ್ಟಿನ ಮೂಳೆ ಮುರಿದು ಪ್ಲೇಟ್ ಹಾಕಿದ್ದಾರೆ. ಆಸ್ಪತ್ರೆಯಲ್ಲಿ ಎಂಎಲ್‌ಸಿ (ವೈದ್ಯಕೀಯ-ಕಾನೂನು ಪ್ರಕರಣವೆಂಬ ದಾಖಲೆ) ಆಗಿದೆ. ಆದರೆ ಕಾರಿನವರು ಹತ್ತು ಸಾವಿರ ರೂಪಾಯಿ ಕೊಟ್ಟು, ದೂರು ಕೊಡುವುದಿಲ್ಲವೆಂದು ಬರೆದ ಕಾಗದಕ್ಕೆ ನನ್ನ ಎಡಗೈ ಹೆಬ್ಬೆಟ್ಟು ಒತ್ತಿಸಿಕೊಂಡರು. ಹಾಗಾಗಿ ಠಾಣೆಗೆ ಹೋಗಲಿಲ್ಲ. ಈಗ ಉಳಿ, ಗರಗಸ ಹಿಡಿಯಲು ಆಗುತ್ತಿಲ್ಲ. ಕೈಯಲ್ಲಿ ಶೇ 36ರಷ್ಟು ನ್ಯೂನತೆ ಇದೆ ಎಂದು ವೈದ್ಯರು ಹೇಳಿದ್ದಾರೆ. ಸೈಕಲ್‌ಗೆ ವಿಮೆ ಇಲ್ಲ, ಹೆಲ್ಮೆಟ್ ಕೂಡ ಹಾಕಿರಲಿಲ್ಲ. ನನಗೆ ಪರಿಹಾರ ಸಿಗುತ್ತದೆಯೇ?
– ಹೆಸರು ಬೇಡ, ಮದ್ದೂರು ತಾಲ್ಲೂಕು

ಉತ್ತರ: ಪರಿಹಾರ ಕೇಳುವ ಹಕ್ಕು ನಿಮಗೆ ಖಂಡಿತವಾಗಿ ಇದೆ, ಆದರೆ ಉಳಿದಿರುವ ಸಮಯ ಕಡಿಮೆ. ಮೋಟಾರು ವಾಹನ ಕಾಯ್ದೆ, 1988ರ 166ನೇ ಕಲಂನ ಅಡಿ ಪರಿಹಾರದ ಅರ್ಜಿಯನ್ನು ಅಪಘಾತವಾದ ಆರು ತಿಂಗಳೊಳಗೆ ಸಲ್ಲಿಸಬೇಕೆಂಬ ನಿಯಮ 2022ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಈ ಮಿತಿಯ ಸಿಂಧುತ್ವವನ್ನು ಪ್ರಶ್ನಿಸಿರುವ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಕಾಲಮಿತಿ ಮೀರಿದೆ ಎಂಬ ಕಾರಣಕ್ಕೆ ಅರ್ಜಿಗಳನ್ನು ವಜಾ ಮಾಡಬಾರದೆಂದು 2025ರ ನವೆಂಬರ್‌ನಲ್ಲಿ ಮಧ್ಯಂತರ ಆದೇಶ ನೀಡಿತು. ಆದರೂ ಆ ಆದೇಶವನ್ನೇ ನಂಬಿ ಕಾಯಬೇಡಿ. ನಿಮಗಿನ್ನೂ ಎರಡು ತಿಂಗಳಿದೆ, ಅಷ್ಟರಲ್ಲೇ ಅರ್ಜಿ ಸಲ್ಲಿಸಿಬಿಡಿ.

ಅದಕ್ಕೂ ಮೊದಲು, ಸಾಧ್ಯವಾದರೆ ಈ ವಾರವೇ, ಅಪಘಾತ ನಡೆದ ಜಾಗದ ವ್ಯಾಪ್ತಿಯ ಠಾಣೆಗೆ ಲಿಖಿತ ದೂರು ಕೊಡಿ. ತಡವಾದದ್ದೇಕೆ, ಕಾಗದಕ್ಕೆ ಹೆಬ್ಬೆಟ್ಟು ಒತ್ತಿದ್ದು ಯಾವ ಪರಿಸ್ಥಿತಿಯಲ್ಲಿ, ಪಡೆದ ಹಣ ಎಷ್ಟು ಎಂಬುದನ್ನೆಲ್ಲ ಮುಚ್ಚಿಡದೆ ಬರೆಯಿರಿ. ಎಫ್‌ಐಆರ್ ತಡವಾಯಿತೆಂಬ ಒಂದೇ ಕಾರಣಕ್ಕೆ ಪರಿಹಾರದ ಅರ್ಜಿಯನ್ನು ತಳ್ಳಿಹಾಕಬಾರದೆಂದು ಸುಪ್ರೀಂ ಕೋರ್ಟ್ 2011ರಲ್ಲಿಯೇ ಹೇಳಿದೆ; ನಿಮ್ಮ ಎಂಎಲ್‌ಸಿ ದಾಖಲೆಯಲ್ಲಿ ಅಂದೇ ‘ಕಾರು ಗುದ್ದಿ ಗಾಯ’ ಎಂದು ಬರೆದಿದ್ದರೆ ತಡವಾದ ದೂರಿಗೆ ಅದಕ್ಕಿಂತ ಬಲವಾದ ಆಸರೆ ಇನ್ನೊಂದಿಲ್ಲ. ಠಾಣೆಯಲ್ಲಿ ದೂರು ತೆಗೆದುಕೊಳ್ಳದಿದ್ದರೆ ಅದನ್ನೇ ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಗೆ ಅಂಚೆಯಲ್ಲಿ ಕಳುಹಿಸಿ, ರಸೀದಿ ಇಟ್ಟುಕೊಳ್ಳಿ.

ಹತ್ತು ಸಾವಿರದ ಕಾಗದದ ಬಗ್ಗೆ ನೀವು ಹೆದರಬೇಕಾಗಿಲ್ಲ. ನೋವಿನಲ್ಲಿರುವ ಮನುಷ್ಯನಿಂದ, ಗಾಯ ಎಷ್ಟು ದೊಡ್ಡದೆಂದು ಅವನಿಗೇ ತಿಳಿಯುವ ಮೊದಲು ಹೀಗೆ ಬರೆಸಿಕೊಳ್ಳುವುದು ಅನ್ಯಾಯ. ಇಂಥ ಖಾಸಗಿ ಚೀಟಿಯಿಂದ ಕಾಯ್ದೆ ಕೊಟ್ಟ ಹಕ್ಕು ಸಾಮಾನ್ಯವಾಗಿ ಅಳಿಯುವುದಿಲ್ಲ. ಹೆಚ್ಚೆಂದರೆ ಆ ಹತ್ತು ಸಾವಿರವನ್ನು ಮುಂದಿನ ಪರಿಹಾರದಲ್ಲಿ ಕಳೆಯಬಹುದು. ಸೈಕಲ್‌ಗೆ ವಿಮೆಯಾಗಲಿ ಪರವಾನಗಿಯಾಗಲಿ ಬೇಕಿಲ್ಲ. ಹೆಲ್ಮೆಟ್ ಕಡ್ಡಾಯದ ನಿಯಮವಿರುವುದು ಮೋಟಾರು ಬೈಕ್ ಸವಾರರಿಗೆ. ಪೆಟ್ಟು ಬಿದ್ದಿರುವುದು ಮಣಿಕಟ್ಟಿಗಾದ್ದರಿಂದ ಆ ಮಾತು ಇಲ್ಲಿ ಬರುವುದೇ ಇಲ್ಲ.

ಅರ್ಜಿಯನ್ನು ನಿಮ್ಮ ಊರಿನ ವ್ಯಾಪ್ತಿಯ ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಯಲ್ಲೇ ಹಾಕಬಹುದು. ಕಾರಿನ ಚಾಲಕ, ಮಾಲೀಕ, ವಿಮಾ ಕಂಪನಿ ಮೂವರನ್ನೂ ಎದುರುದಾರರನ್ನಾಗಿ ಮಾಡಿ. ಚಾಲಕನ ಅಜಾಗರೂಕತೆಯನ್ನು ನೀವು ತೋರಿಸಬೇಕು ನಿಜ, ಆದರೆ ಕ್ರಿಮಿನಲ್ ಮೊಕದ್ದಮೆಯಷ್ಟು ಕಟ್ಟುನಿಟ್ಟಿನ ಸಾಕ್ಷ್ಯ ಇಲ್ಲಿ ಬೇಕಾಗುವುದಿಲ್ಲ. ಇನ್ನೊಂದು ದಾರಿ 164ನೇ ಕಲಂ: ತಪ್ಪು ಯಾರದೆಂದು ಸಾಬೀತು ಮಾಡದೆಯೇ ತೀವ್ರ ಗಾಯಕ್ಕೆ 2.5 ಲಕ್ಷ ರೂಪಾಯಿ. ಆದರೆ ಅದನ್ನು ಒಪ್ಪಿ ಪಡೆದರೆ ನ್ಯಾಯಮಂಡಳಿಯ ಮುಂದಿರುವ ಅರ್ಜಿ ಅಲ್ಲಿಗೇ ಮುಗಿಯುತ್ತದೆ. ನಿಮ್ಮ ಗಾಯಕ್ಕೆ 166ನೇ ಕಲಂನ ದಾರಿಯೇ ಸರಿ ಎಂಬುದು ನನ್ನ ಅಭಿಪ್ರಾಯ. ಕಾರಣ ಕೆಳಗಿನ ಲೆಕ್ಕದಲ್ಲಿದೆ.

ಕೈಯಲ್ಲಿ ಶೇ 36ರಷ್ಟು ನ್ಯೂನತೆ ಎಂದರೆ, ಇಡೀ ದೇಹಕ್ಕೆ ಅದರ ಮೂರನೇ ಒಂದು ಭಾಗ, ಅಂದರೆ ಶೇ 12 ಎಂದು ನಮ್ಮ ರಾಜ್ಯದ ನ್ಯಾಯಮಂಡಳಿಗಳು ಅನೇಕ ಬಾರಿ ತೆಗೆದುಕೊಳ್ಳುತ್ತವೆ. ತಿಂಗಳ ಸಂಪಾದನೆ 15,000 ರೂಪಾಯಿ ಎಂದಿಟ್ಟುಕೊಳ್ಳೋಣ. 40 ವರ್ಷದೊಳಗಿನ ಸ್ವಂತ ದುಡಿಮೆಯವರಿಗೆ ಮುಂದಿನ ಏಳಿಗೆಯ ಬಾಬ್ತು ಶೇ 40 ಸೇರಿಸಿದರೆ 21,000 ಆಗುತ್ತದೆ. ಇದರ ವರ್ಷದ ಮೊತ್ತವನ್ನು ವಯಸ್ಸಿಗೆ ತಕ್ಕ ಒಂದು ಸಂಖ್ಯೆಯಿಂದ (ಗುಣಕ) ಗುಣಿಸುತ್ತಾರೆ; 38ರ ವಯಸ್ಸಿಗೆ ಗುಣಕ 15. ಶೇ 12ರ ಲೆಕ್ಕದಲ್ಲಿ ದುಡಿಮೆಯ ನಷ್ಟ 4,53,600 ರೂಪಾಯಿ. ಶೇ 20 ಎಂದಾದರೆ 7,56,000. ದೇಹದ ನ್ಯೂನತೆಯ ಪ್ರಮಾಣವನ್ನೇ ಯಾಂತ್ರಿಕವಾಗಿ ದುಡಿಮೆಯ ನಷ್ಟವೆಂದು ಎಣಿಸಬಾರದು, ಆ ಗಾಯ ಆ ವ್ಯಕ್ತಿಯ ಕಸುಬಿಗೆ ಏನು ಮಾಡಿದೆ ಎಂದು ನೋಡಬೇಕು ಎಂದು ರಾಜ್‌ಕುಮಾರ್ ವಿರುದ್ಧ ಅಜಯ್ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿದೆ. ಗುಮಾಸ್ತನಿಗೆ ಸಹಿಸಬಹುದಾದ ಮಣಿಕಟ್ಟಿನ ಬಿಗಿತ ಬಡಗಿಯ ಅನ್ನವನ್ನೇ ಕಸಿಯಬಲ್ಲದು. ಆದ್ದರಿಂದ ಮಣಿಕಟ್ಟು ಎಷ್ಟು ಬಾಗುತ್ತದೆ, ಹಿಡಿತ ಎಷ್ಟು ಉಳಿದಿದೆ, ಉಜ್ಜುಗೊರಡು ತಳ್ಳುವಂಥ ಕೆಲಸ ಸಾಧ್ಯವೇ ಎಂಬುದನ್ನು ವೈದ್ಯರ ಬಾಯಿಂದಲೇ ಸಾಕ್ಷ್ಯವಾಗಿ ಹೇಳಿಸಬೇಕು. ನಿಮಗೆ ಕೆಲಸ ಕೊಡುತ್ತಿದ್ದ ಮೇಸ್ತ್ರಿಯನ್ನೂ ಸಾಕ್ಷಿಯಾಗಿ ಕರೆಸಿ.

ಸಂಬಳದ ಚೀಟಿ ಇಲ್ಲವೆಂಬ ಚಿಂತೆ ಬೇಡ. ಆದಾಯದ ದಾಖಲೆ ಇಲ್ಲದವರಿಗೆ ಕರ್ನಾಟಕ ರಾಜ್ಯ ಕಾನೂನು ಸೇವಾ ಪ್ರಾಧಿಕಾರದ ಅಂದಾಜು ಆದಾಯದ ವರ್ಷವಾರು ಪಟ್ಟಿಯನ್ನು ನ್ಯಾಯಾಲಯಗಳು ಆಧಾರವಾಗಿ ಬಳಸುತ್ತವೆ. ಇದಲ್ಲದೆ ಆಸ್ಪತ್ರೆ ಮತ್ತು ಔಷಧಿಯ ಖರ್ಚು, ಕೆಲಸಕ್ಕೆ ಹೋಗಲಾಗದ ತಿಂಗಳುಗಳ ಕೂಲಿ, ನೋವು, ಪ್ಲೇಟ್ ತೆಗೆಸಬೇಕಾದರೆ ಅದರ ಅಂದಾಜು ವೆಚ್ಚ ಇವನ್ನೆಲ್ಲ ಬೇರೆಬೇರೆಯಾಗಿ ಕೇಳಬೇಕು. ಬಿಲ್ಲುಗಳ ಮೂಲಪ್ರತಿ ಜೋಪಾನ.

ವಕೀಲರ ಶುಲ್ಕದ ವಿಷಯದಲ್ಲೂ ಎಚ್ಚರವಿರಲಿ. ಬಂದ ಪರಿಹಾರದಲ್ಲಿ ಇಂತಿಷ್ಟು ಪಾಲು ಎಂಬ ಒಪ್ಪಂದ ಮಾಡಿಕೊಳ್ಳುವುದನ್ನು ವಕೀಲರ ಪರಿಷತ್ತಿನ ನಿಯಮಗಳೇ ನಿಷೇಧಿಸಿವೆ. ನಿಮ್ಮ ವಾರ್ಷಿಕ ಆದಾಯ ಸರ್ಕಾರ ಗೊತ್ತುಮಾಡಿದ ಮಿತಿಯೊಳಗಿದ್ದರೆ ಮಂಡ್ಯದ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಅರ್ಜಿ ಕೊಟ್ಟು ಉಚಿತವಾಗಿ ವಕೀಲರನ್ನು ಪಡೆಯಬಹುದು. ದೂರಿನ ಪ್ರತಿ, ಎಂಎಲ್‌ಸಿ ವಿವರ, ಆಧಾರ್ ಕಾರ್ಡ್ ತೆಗೆದುಕೊಂಡು ಹೋಗಿ.