ಏಳನೇ ತಿಂಗಳು, ರಾತ್ರಿ ಮಲಗಿದರೆ ಎದೆ ಉರಿ. ಏನು ಮಾಡಲಿ?

ವಿಜಯಪುರದ ಅಕ್ಕೋರೆ, ರಾತ್ರಿ ಜೋಳದ ರೊಟ್ಟಿ ಉಂಡು ಮಲಗಿದ ಕೂಡಲೇ ಗಂಟಲವರೆಗೆ ಹುಳಿ ಬರುತ್ತದೆ ಅಂದಿದ್ದೀರಿ. ಪಾಪ, ರೊಟ್ಟಿಯದೇನೂ ತಪ್ಪಿಲ್ಲ. ಬಸುರಿನಲ್ಲಿ ಪ್ರೊಜೆಸ್ಟರಾನ್ ಹಾರ್ಮೋನು ಜಾಸ್ತಿಯಾಗಿ, ಅನ್ನನಾಳದ ತುದಿಯ ಬಿಗಿ ಸಡಿಲವಾಗುತ್ತದೆ. ಕೆಳಗಿನಿಂದ ಗರ್ಭಕೋಶವೂ ಜಠರವನ್ನು ಒತ್ತುತ್ತದೆ. ಆಮ್ಲ ಮೇಲೇರುತ್ತದೆ, ಅಷ್ಟೇ.

ರಂಜಕ, ಮಿರ್ಚಿ ಭಜಿ, ಚಹಾ ಇವುಗಳಲ್ಲಿ ನಿಮಗೆ ಯಾವುದು ಉರಿ ತರುತ್ತದೋ ಅದನ್ನು ಬಿಡಿ. ‘ಇಬ್ಬರ ಊಟ ಮಾಡು’ ಎನ್ನುವ ಅತ್ತೆಗೆ ಹೂಂ ಅನ್ನಿ, ಆದರೆ ದಿನಕ್ಕೆ ಐದಾರು ಸಲ ಸ್ವಲ್ಪ ಸ್ವಲ್ಪವೇ ತಿನ್ನಿ. ಉಂಡು 2-3 ಗಂಟೆ ಬಿಟ್ಟು ಎಡಮಗ್ಗುಲಾಗಿ ಮಲಗಿ. ಮಂಚದ ತಲೆಕಡೆಯ ಕಾಲುಗಳಿಗೆ ಇಟ್ಟಿಗೆ ಕೊಡಿ. ಸುಮ್ನೆ ದಿಂಬು ಪೇರಿಸಿದರೆ ಕತ್ತು ನೋಯುತ್ತದೆ, ಅಲ್ವಾ?

ಅಡುಗೆ ಸೋಡಾ ನೀರು ಬೇಡವೇ ಬೇಡ, ಅದರಲ್ಲಿ ಸೋಡಿಯಂ ಜಾಸ್ತಿ. ಆಂಟಾಸಿಡ್ ಬೇಕಾದರೆ ಡಾಕ್ಟರನ್ನು ಕೇಳಿಯೇ ತಗೊಳ್ಳಿ. ಅದಕ್ಕೂ ಕಬ್ಬಿಣದ ಮಾತ್ರೆಗೂ 2 ಗಂಟೆ ಅಂತರವಿರಲಿ.

ಪಕ್ಕೆಲುಬಿನ ಕೆಳಗೆ ಜೋರು ನೋವು, ತಲೆನೋವು, ಕಣ್ಣು ಮಂಜು, ಮುಖ-ಕೈ ಬಾವು ಕಂಡರೆ ಅದು ಬರೀ ಎದೆ ಉರಿ ಅಲ್ಲದಿರಬಹುದು. ಬಿಪಿ ಏರಿರಬಹುದು. ಬೆಳಗಿನವರೆಗೂ ಕಾಯದೆ ಆಸ್ಪತ್ರೆಗೆ ಹೋಗಿ.